ಗಂಜಿಯ ಹೊತ್ತಿನಲ್ಲಿ ಬರೆದ ಜೋಡಿ ಭಾವಚಿತ್ರಗಳು

"ಕಾಯಿಲೆಯವರ ಚಿತ್ರ ಯಾರು ಗೋಡೆಗೆ ಹಾಕ್ಕೋತಾರೆ ಮಾರಾಯ್ರೆ?" ಎಂದು ಚಿತ್ರಸಂತೆಯಲ್ಲಿ ಪಕ್ಕ ಕೂತಿದ್ದ ಗೆಳೆಯರು ನಕ್ಕಿದ್ದರು. ಈಗ ಅವರೇ ಫೋನ್ ಮಾಡಿ, ಕಾಯಿಲೆಯವರು, ಅವರ ಆರೈಕೆ ಮಾಡುವವರು ಇಬ್ಬರನ್ನೂ ಒಂದೇ ಚಿತ್ರದಲ್ಲಿ ಹೇಗೆ ಹಿಡೀತೀರಿ ಅಂತ ಕೇಳುತ್ತಾರೆ.

ಮೊದಮೊದಲು ಫೋಟೋ ನೋಡಿ ಬರೆದೆ. ಮೊಬೈಲ್ ಎತ್ತಿದರೆ ಸಾಕು, ಆರೈಕೆ ಮಾಡುವವರು ಸೆರಗು ಸರಿಮಾಡಿಕೊಂಡು ನಮ್ಮ ಕಡೆ ತಿರುಗುತ್ತಾರೆ, ಹಾಸಿಗೆಯಲ್ಲಿದ್ದವರು ಒಂಟಿ. ಒಂದೇ ಹಾಳೆಯಲ್ಲಿ ಎರಡು ಪಾಸ್‌ಪೋರ್ಟ್ ಫೋಟೋ! ಎಣ್ಣೆಬಣ್ಣ ಒಯ್ದರೆ ಟರ್ಪೆಂಟೈನ್ ವಾಸನೆಗೆ ಮನೆಯವರು ಬಾಗಿಲಲ್ಲೇ ತಡೆದರು. ಇದ್ದಿಲಿನ ಪುಡಿ ಉಬ್ಬಸದವರ ಕೋಣೆಗೆ ಆಗದು, ಆ ಪುಡಿ ಉದುರದಂತೆ ಹೊಡೆಯುವ ಫಿಕ್ಸೆಟಿವ್ ಸ್ಪ್ರೇ ಮಾತೇ ಬೇಡ. ಕ್ಯಾನ್ವಾಸು, ಆಟೋ ಎಲ್ಲ ಸೇರಿ ಹದಿನೈದು ಸಾವಿರದ ಹತ್ತಿರ ಮುಳುಗಿರಬೇಕು. ಈಗ ಬರೀ 4ಬಿ, 6ಬಿ ಎಂಬ ಮೆತ್ತನೆಯ ಕಡುಗಪ್ಪು ಪೆನ್ಸಿಲ್.

ದಾರಿ ತೋರಿಸಿದ್ದು ಒಬ್ಬ ನಿವೃತ್ತ ಮೇಷ್ಟ್ರು. ಲಕ್ವ ಹೊಡೆದ ಹೆಂಡತಿಗೆ ರಾಗಿ ಗಂಜಿ ಕುಡಿಸುತ್ತಿದ್ದರು. ಪ್ರತಿ ಚಮಚಕ್ಕೂ ಅದೇ ಬಾಗು, ಗಲ್ಲದ ಕೆಳಗೆ ಅದೇ ಎಡಗೈ. ಬಟ್ಟಲು ಖಾಲಿಯಾಗಲು ಅರ್ಧ ಗಂಟೆ ಬೇಕು; ಅಷ್ಟರಲ್ಲಿ ಆ ಭಂಗಿ ಮೂವತ್ತು ನಲವತ್ತು ಸಲವಾದರೂ ಮರಳಿ ಬರುತ್ತದೆ. ಅಲುಗಾಡಬೇಡಿ ಅಂತ ಯಾರಿಗೂ ಹೇಳಬೇಕಿಲ್ಲ. ಮೊದಲು ಕೈಗಳು, ಆಮೇಲೆ ಎರಡು ತಲೆಗಳ ನಡುವಿನ ಜಾಗ, ಕೊನೆಗೆ ಮುಖ. ಆ ಜಾಗವನ್ನು ಅಳೆಯಲು ನನ್ನದೊಂದು ಉಪಾಯವಿದೆ. ಅದು ಪಕ್ಕದಲ್ಲಿ ಕೂತು ಕಲಿಯುವವರಿಗೆ ಮಾತ್ರ. ಚಿತ್ರ ನೋಡಿ ಮೇಷ್ಟ್ರು, "ಏನ್ರೀ, ನನ್ನ ಬಾಯಿ ಯಾಕ್ರೀ ತೆರೆದಿದೆ?" ಎಂದರು. ತಿನ್ನಿಸುವವರ ಬಾಯಿಯೂ ತಾನಾಗಿ ತೆರೆಯುತ್ತದೆ, ಗಮನಿಸಿ.

1820ರಲ್ಲಿ ಸ್ಪೇನಿನ ಚಿತ್ರಕಾರ ಗೋಯಾ ತನ್ನನ್ನು ಬದುಕಿಸಿದ ವೈದ್ಯ ಅರಿಯೆಟಾ ಜೊತೆ ತನ್ನನ್ನೇ ಬರೆದುಕೊಂಡ. ವೈದ್ಯನ ಒಂದು ಕೈ ಹಿಂದಿನಿಂದ ಆತು ಹಿಡಿದಿದೆ, ಇನ್ನೊಂದರಲ್ಲಿ ಔಷಧದ ಲೋಟ; ಗೋಯಾನ ಕೈಗಳು ಹೊದಿಕೆಯನ್ನು ಹಿಡಿದಿವೆ. ಮುಖ ಮುಚ್ಚಿ ನೋಡಿದರೂ ಯಾರಿಗೆ ಯಾರು ಅಂತ ತಿಳಿಯುತ್ತದೆ. ನನ್ನ ಕರಡುಗಳಿಗೂ ಇದೇ ಪರೀಕ್ಷೆ.

ನಡುವೆ ಖಾಕಿ ಪ್ಯಾಕಿಂಗ್ ಕಾಗದದ ಮೇಲೆ ಬಿಳಿ ಚಾಕ್‌ನಿಂದಲೂ ಬರೆದೆ. ಚರ್ಮದ ಬಣ್ಣ ಪುಕ್ಕಟೆ ಸಿಗುತ್ತದೆ, ಆದರೆ ಕಾಗದ ಬೇಗ ಕಂದಿ ಮುರಿಯುತ್ತದೆ. ಕರಡಿಗೆ ಸಾಕು.

ಜೋಡಿ ಚಿತ್ರಕ್ಕೆ ಈಗ ಆರು ಸಾವಿರದಷ್ಟು ತೆಗೆದುಕೊಳ್ಳುತ್ತೇನೆ, ಫ್ರೇಮು ಬೇರೆ. ಜಗಳ ಬರುವುದು ಹೋಮ್ ನರ್ಸ್ ವಿಷಯಕ್ಕೆ. ಮಗ್ಗುಲು ಬದಲಿಸುವವಳು, ಊಟ ಮಾಡಿಸುವವಳು ಅವಳು. ಚಿತ್ರದಲ್ಲಿ ಮಾತ್ರ ಹಬ್ಬಕ್ಕೆ ಬಂದ ಮಗಳು ಕೂರಬೇಕಂತೆ. ಚಮಚ ಹಿಡಿದವರನ್ನೇ ಬರೆಯುತ್ತೇನೆ ಎಂದು ಮೊದಲೇ ಹೇಳಿಬಿಡುತ್ತೇನೆ. ಒಪ್ಪದ ಒಂದೆರಡು ಮನೆಗೆ ಮುಂಗಡ ವಾಪಸ್ ಕೊಟ್ಟಿದ್ದೂ ಇದೆ. ಒಪ್ಪಿದ ಮನೆಗಳಲ್ಲಿ ಕರಡು ಹಾಳೆ ಅವಳಿಗೆ, ಪುಕ್ಕಟೆ.