ಬೆಂಗಳೂರಿಗೆ ಕಾರಲ್ಲಿ ಹೊರಟಿದ್ದೀರಾ? ಪೆಟ್ರೋಲ್ ಲೆಕ್ಕ ಹೀಗೆ ಹಾಕಿ

ಮದುವೆಗೋ ಆಸ್ಪತ್ರೆಗೋ ನಾಲ್ಕು ಜನ ಸೇರಿ ಬಳ್ಳಾರಿಯಿಂದ ಬೆಂಗಳೂರಿಗೆ ಹೊರಟರೆ ಪೆಟ್ರೋಲಿಗೆ ಎಷ್ಟಾಗುತ್ತದೆ? ಓಡುವ ಕಿಲೋಮೀಟರನ್ನು ಮೈಲೇಜಿನಿಂದ ಭಾಗಿಸಿ. ಬಂದ ಲೀಟರನ್ನು ದರದಿಂದ ಗುಣಿಸಿ. ಇಷ್ಟೇ ಲೆಕ್ಕ. ಆದರೆ ಕೈಕೊಡುವುದು ಮೈಲೇಜು.

ಶೋರೂಮಿನಲ್ಲಿ ಹೇಳುವ ಮೈಲೇಜು ಲ್ಯಾಬಿನಲ್ಲಿ, ರೋಲರ್ ಮೇಲೆ ಕಾರು ಓಡಿಸಿ ಅಳೆದದ್ದು. ನಮ್ಮ ಏಪ್ರಿಲ್ ಬಿಸಿಲು, ನಿಲ್ಲಿಸದ ಎಸಿ, ಡಿಕ್ಕಿ ತುಂಬ ಸಾಮಾನು ಅಲ್ಲಿ ಇರುವುದಿಲ್ಲ. ಅದನ್ನು ನಂಬಿ ಲೆಕ್ಕ ಹಾಕಿದರೆ ದುಡ್ಡು ಕಡಿಮೆ ಬೀಳುತ್ತದೆ.

ನಿಮ್ಮ ಕಾರಿನ ಮೈಲೇಜು ನೀವೇ ಅಳೆಯಿರಿ. ಬಂಕಿನಲ್ಲಿ ಪೈಪ್ ತಾನಾಗಿ ಕಟ್ ಆಗುವವರೆಗೆ ಫುಲ್ ಟ್ಯಾಂಕ್ ಹಾಕಿಸಿ. ಟ್ರಿಪ್ ಮೀಟರನ್ನು ಸೊನ್ನೆಗೆ ತನ್ನಿ. ಎಂದಿನಂತೆ ಓಡಿಸಿ. ಮುಂದಿನ ಸಲ ಆದಷ್ಟು ಅದೇ ಬಂಕಿನಲ್ಲಿ, ಮತ್ತೆ ಕಟ್ ಆಗುವವರೆಗೆ ತುಂಬಿಸಿ. ಕಟ್ ಆದ ಮೇಲೆ ‘ರೌಂಡ್ ಫಿಗರ್ ಮಾಡಿ’ ಅನ್ನಬೇಡಿ, ಲೆಕ್ಕ ಕೆಡುತ್ತದೆ. ಮೀಟರಿನಲ್ಲಿ 396 ಕಿ.ಮೀ. ಇದ್ದು 24 ಲೀಟರ್ ಹಿಡಿದರೆ ಮೈಲೇಜು 16.5. ಊರೊಳಗಿನ ಓಡಾಟಕ್ಕೂ ಹೈವೇಗೂ ವ್ಯತ್ಯಾಸ ಜಾಸ್ತಿ. ಹಾಗಾಗಿ ಎರಡನ್ನೂ ಬೇರೆ ಬೇರೆ ಅಳೆದರೆ ಒಳ್ಳೆಯದು.

ಇನ್ನು ದೂರ. ಚಳ್ಳಕೆರೆ, ಹಿರಿಯೂರು ದಾರಿಯಲ್ಲಿ ಒಂದು ಕಡೆಗೆ ಸುಮಾರು 310 ಕಿ.ಮೀ. ಹೋಗಿ ಬರಲು 620. ಬೆಂಗಳೂರಿನೊಳಗೆ ಸುತ್ತಲು ಇನ್ನೊಂದು 40 ಸೇರಿಸಿ. ಇದನ್ನು ಎಷ್ಟೋ ಜನ ಮರೆಯುತ್ತಾರೆ. 660 ಭಾಗಿಸು 16.5, ಅಂದರೆ 40 ಲೀಟರ್. ಲೀಟರಿಗೆ 104 ರೂಪಾಯಿ ಅಂದುಕೊಂಡರೆ 4,160 ರೂ. ಡೀಸೆಲ್ ಕಾರಿಗೂ ಲೆಕ್ಕ ಇದೇ. ಟೋಲ್ ಬೇರೆ.

ಹಂಚಿಕೊಳ್ಳುವುದು ಹೇಗೆ? ನಾಲ್ವರಿಗೆ ಸಮ ಅಂದರೆ ತಲೆಗೆ 1,040. ನನ್ನನ್ನು ಕೇಳಿದರೆ ಕಾರಿನವರನ್ನು ಬಿಟ್ಟು ಮೂವರು ಹಂಚಿಕೊಳ್ಳುವುದೇ ನ್ಯಾಯ. ಟೈರು ಸವೆಯುವುದು ಅವರದ್ದೇ ಅಲ್ವಾ?

ರಾಯಚೂರಿನವರಿಗೆ ಇನ್ನೊಂದು ವಿಷಯ. ರಾಜ್ಯದ ತೆರಿಗೆ ಬದಲಾದರೆ ಬಂಕಿನ ದರವೂ ಬದಲಾಗುತ್ತದೆ. ಕೆಲವು ವರ್ಷಗಳಿಂದ ತೆಲಂಗಾಣ, ಆಂಧ್ರದಲ್ಲಿ ನಮಗಿಂತ ದರ ಜಾಸ್ತಿಯೇ ಇದೆ. ಹೈದರಾಬಾದಿಗೆ ಹೊರಟರೆ ಶಕ್ತಿನಗರದ ಕೃಷ್ಣಾ ಸೇತುವೆ ದಾಟುವ ಮೊದಲೇ, ಮಂತ್ರಾಲಯಕ್ಕಾದರೆ ತುಂಗಭದ್ರೆಯ ಈಚೆ ದಡದಲ್ಲೇ ಟ್ಯಾಂಕ್ ತುಂಬಿಸಿಕೊಳ್ಳಿ.