ಆಕ್ಸೆಸ್ ಫೈಲನ್ನು ನಾಲ್ಕಾರು ಜನ ಒಟ್ಟಿಗೆ ಬಳಸುವುದು ಹೇಗೆ?

ಆಕ್ಸೆಸ್ ಅಂದರೆ ಮಾಹಿತಿ ಕೂಡಿಡುವ ಮೈಕ್ರೋಸಾಫ್ಟ್ ಡೇಟಾಬೇಸ್ ತಂತ್ರಾಂಶ. ಅದರ ಒಂದೇ ಫೈಲನ್ನು ಸರ್ವರ್‌ನಲ್ಲಿಟ್ಟು ಎಲ್ಲರೂ ಅದನ್ನೇ ತೆರೆಯುವುದು ಬೇಡ. ನನ್ನ ಕೈಗೆ ಇಂಥ ಫೈಲ್ ಬಂದರೆ ಮೊದಲು ಎರಡು ಭಾಗ ಮಾಡುತ್ತೇನೆ.

ಬ್ಯಾಕಪ್ ತೆಗೆದಿಟ್ಟು, ‘ಡೇಟಾಬೇಸ್ ಟೂಲ್ಸ್’ ಟ್ಯಾಬ್‌ನಲ್ಲಿ ‘ಆಕ್ಸೆಸ್ ಡೇಟಾಬೇಸ್’ ಒತ್ತಿ. ಟೇಬಲ್‌ಗಳೆಲ್ಲ ಬೇರೆ ಫೈಲಿಗೆ ಹೋಗುತ್ತವೆ. ಅದು ಸರ್ವರ್‌ನಲ್ಲಿರಲಿ. ಫಾರ್ಮು, ರಿಪೋರ್ಟು ಇರುವ ಫೈಲಿನ ಒಂದೊಂದು ಕಾಪಿ ಪ್ರತಿಯೊಬ್ಬರ ಕಂಪ್ಯೂಟರಿನಲ್ಲೇ ಇರಬೇಕು. ಟೇಬಲ್ ಫೈಲಿನ ಜಾಗ ತೋರಿಸುವಾಗ ಡ್ರೈವ್ ಅಕ್ಷರ ಬೇಡ, ಎರಡು ಓರೆಗೆರೆಯಿಂದ (\\) ಶುರುವಾಗುವ ಸರ್ವರ್ ವಿಳಾಸವನ್ನೇ ಕೊಡಿ. ಒಬ್ಬರಿಗೆ ಝಡ್ ಆಗಿರುವ ಡ್ರೈವ್ ಇನ್ನೊಬ್ಬರಿಗೆ ವೈ ಆಗಿರಬಹುದು, ಅಲ್ವಾ?

ಪರ್ಮಿಷನ್ ವಿಷಯದಲ್ಲೇ ಜಾಸ್ತಿ ಜನ ಎಡವುತ್ತಾರೆ. ಯಾರಾದರೂ ಫೈಲ್ ತೆರೆದ ಕೂಡಲೇ ಪಕ್ಕದಲ್ಲಿ ಅದೇ ಹೆಸರಿನ ಒಂದು ಪುಟ್ಟ ‘ಎಲ್ಎಸಿಸಿಡಿಬಿ’ (.laccdb) ಫೈಲ್ ಹುಟ್ಟುತ್ತದೆ. ಯಾರು ಒಳಗಿದ್ದಾರೆ ಅನ್ನೋ ಲೆಕ್ಕ ಅದರಲ್ಲಿರುತ್ತದೆ. ಕೊನೆಯವರು ಮುಚ್ಚಿದಾಗ ಅಳಿಸಿಹೋಗುತ್ತದೆ. ಹಾಗಾಗಿ ಫೈಲಿಗಷ್ಟೇ ಅಲ್ಲ, ಇಡೀ ಫೋಲ್ಡರಿಗೆ ಎಲ್ಲರಿಗೂ ಬರೆಯುವ, ಅಳಿಸುವ ಹಕ್ಕು ಬೇಕು. ಎಲ್ಲರೂ ಹೊರಗೆ ಬಂದ ಮೇಲೂ ಆ ಪುಟ್ಟ ಫೈಲ್ ಅಲ್ಲೇ ಉಳಿದಿದ್ದರೆ ಯಾವುದೋ ಕಂಪ್ಯೂಟರ್ ಅರ್ಧಕ್ಕೇ ನಿಂತಿದೆ ಅಂತಲೇ ನನ್ನ ಮೊದಲ ಅನುಮಾನ.

ಒಬ್ಬರು ತಿದ್ದುತ್ತಿರುವ ದಾಖಲೆಯನ್ನು ಅದೇ ಹೊತ್ತಿಗೆ ಇನ್ನೊಬ್ಬರು ತಿದ್ದದಂತೆ, ಆಕ್ಸೆಸ್ ಸೆಟ್ಟಿಂಗಿನಲ್ಲಿ ರೆಕಾರ್ಡ್ ಲಾಕಿಂಗನ್ನು ‘ಎಡಿಟೆಡ್ ರೆಕಾರ್ಡ್’ಗೆ ಇಡಿ.

ವೈಫೈ ಬೇಡವೇ ಬೇಡ, ಕೇಬಲ್ ಹಾಕಿ. ಬರೆಯುವ ನಡುವೆ ಸಂಪರ್ಕ ಕಡಿದರೆ ಫೈಲ್ ಕೆಡಬಹುದು. ಡ್ರಾಪ್‌ಬಾಕ್ಸ್, ಒನ್‌ಡ್ರೈವ್ ಫೋಲ್ಡರಿನಲ್ಲಿ ಸುಮ್ನೆ ಹಾಕಿ ಹಂಚಿಕೊಳ್ಳುವುದೂ ಬೇಡ. ಒಂದು ಆಕ್ಸೆಸ್ ಫೈಲಿನ ಗಾತ್ರದ ಮಿತಿ 2 ಜಿಬಿ. ಆಗಾಗ ಎಲ್ಲರನ್ನೂ ಹೊರಗೆ ಕಳಿಸಿ, ಬ್ಯಾಕಪ್ ತೆಗೆದು, ಫೈಲನ್ನು ಕುಗ್ಗಿಸಿ ಸರಿಪಡಿಸುವ ‘ಕಾಂಪ್ಯಾಕ್ಟ್ ಅಂಡ್ ರಿಪೇರ್’ ಓಡಿಸಿ.