ಆರಡಿ ಬೇಲಿಯನ್ನು ಮೂರಡಿಗೆ ಇಳಿಸಿದ ನನ್ನ ಅನುಭವ

ನಮ್ಮ ಸಮುದಾಯ ತೋಟದ ಬೇಲಿಯನ್ನು ತಗ್ಗಿಸೋಣ ಎಂದು ನಾನು ಸಭೆಯಲ್ಲಿ ಹೇಳಿದ ದಿನ ಎದ್ದ ಕೈ ನನ್ನದೊಂದೇ. ಎರಡು ಬೆಳೆ ಕಳೆದ ಮೇಲೆ, ಅಂದು ನಕ್ಕವರೇ ಬಂದು ಅಳತೆ ಕೇಳುತ್ತಿರುವುದರಿಂದ ಇದನ್ನು ಬರೆಯುತ್ತಿದ್ದೇನೆ.

ಆರಡಿಯ ಜಾಲರಿ, ಅದಕ್ಕೆ ಹಸಿರು ಪರದೆ, ಗೇಟಿಗೆ ಬೀಗ ಹಾಕಿಸಿದವನೂ ನಾನೇ. ಕೂಡಿಟ್ಟ ಹಣದಲ್ಲಿ ಹೆಚ್ಚುಕಡಿಮೆ ಅರ್ಧ ಅದಕ್ಕೇ ಹೋಗಿ, ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತು. ಕಳವೂ ನಿಲ್ಲಲಿಲ್ಲ, ಒಮ್ಮೆ ಒಳಹೊಕ್ಕ ಕಳ್ಳ ದಾರಿಹೋಕರ ಕಣ್ಣಿಗೆ ಬೀಳುತ್ತಿರಲಿಲ್ಲ. ಮೂವತ್ತು ಸದಸ್ಯರಿಗೆ ನಾಲ್ಕು ಬೀಗದ ಕೈ ಇದ್ದುದರಿಂದ ಪಾತಿ ಪಡೆದವರೇ ಬರುವುದನ್ನು ಬಿಟ್ಟರು.

ಆಮೇಲೆ ಹಟದಿಂದ ಒಂದು ಬದಿಯ ಬೇಲಿಯನ್ನು ಪೂರ್ತಿ ಕಿತ್ತೆ. ನಾಯಿಗಳು ಪಾತಿ ಕೆದಕಿದವು, ಸೈಕಲ್ಲಿನವರು ಅಡ್ಡದಾರಿ ಮಾಡಿಕೊಂಡರು. ಇವೆರಡೂ ನಿರೀಕ್ಷಿತವೇ. ಆದರೆ ಹೊಸಬರು ಅಂಚಿನಲ್ಲಿ ನಿಂತು ನೋಡಿ ಹಿಂದಿರುಗುತ್ತಿದ್ದುದು ನನ್ನನ್ನು ಕಂಗೆಡಿಸಿತು. ಎಲ್ಲಿಯವರೆಗೆ ಎಲ್ಲರ ಜಾಗ, ಎಲ್ಲಿಂದ ಒಬ್ಬರ ಪಾತಿ ಎಂಬುದು ಅವರಿಗೆ ತಿಳಿಯುತ್ತಿರಲಿಲ್ಲ. ಗೆರೆಯೇ ಇಲ್ಲದ ಕಡೆ ಬಾಗಿಲೂ ಇರುವುದಿಲ್ಲವಲ್ಲ.

ನ್ಯೂಯಾರ್ಕಿನ ಬ್ರಯಂಟ್ ಪಾರ್ಕನ್ನು 1988ರಲ್ಲಿ ಮುಚ್ಚಿ, ನೋಟಕ್ಕೆ ಅಡ್ಡವಾಗಿದ್ದ ಎತ್ತರದ ಸಸ್ಯಬೇಲಿಗಳನ್ನು ತೆಗೆದು, 1992ರಲ್ಲಿ ಮತ್ತೆ ತೆರೆದ ಕಥೆಯನ್ನು ಸಭೆಯಲ್ಲಿ ಹೇಳಿದೆ. "ಅವರ ಹತ್ತಿರ ಹಣವಿದೆ" ಎಂಬ ಉತ್ತರ ಬಂತು. ಹಾಗಾಗಿ ಹಣವಿಲ್ಲದೆಯೇ ಮಾಡಿದೆ: ಹಳೆಯ ಕಂಬಗಳನ್ನೇ ಗರಗಸದಿಂದ ಸೊಂಟದೆತ್ತರಕ್ಕೆ ಕೊಯ್ದು, ಜಾಲರಿಯನ್ನು ಕತ್ತರಿಸಿದ ತುದಿ ಕೈಗೆ ತಾಗದಂತೆ ಕೆಳಗೆ ತಿರುಗಿಸಿ ಕಟ್ಟಿದೆ. ಮೊದಲ ಖರ್ಚಿನ ಹತ್ತನೇ ಒಂದು ಭಾಗವೂ ತಗುಲಿರಲಾರದು. ಸುಮಾರು ಎಂಟಡಿಯ ಬಾಗಿಲಿಲ್ಲದ ದಾರಿಯನ್ನು ನಕ್ಷೆಯಲ್ಲಿದ್ದ ಕಡೆ ಬಿಡದೆ, ಜನರು ನಡೆದು ನಡೆದು ಹುಲ್ಲು ಸವೆದಿದ್ದ ಕಡೆ ಬಿಟ್ಟೆ. ಪಾತಿಗಳನ್ನು ಒಂದೂವರೆ ಅಡಿ ಎತ್ತರಿಸಿದ್ದರಿಂದ ನಾಯಿಗಳ ಕಾಟ ಬಹುಪಾಲು ತಗ್ಗಿತು. ಉಳಿದದ್ದನ್ನು ತಡೆಯಲು ದಾರಿಯ ಎರಡೂ ಬದಿಗೆ ಏನು ನೆಟ್ಟೆ ಎಂಬುದನ್ನು ಇನ್ನೊಂದು ಬೆಳೆ ನೋಡಿದ ಮೇಲಷ್ಟೇ ಹೇಳುತ್ತೇನೆ.

ನಡುವೆ ಬೆಂಚಿನ ಪ್ರಯೋಗವೊಂದನ್ನೂ ಮಾಡಿದೆ. ಬೇಲಿಯ ಹೊರಗಿಟ್ಟಾಗ ಕುಳಿತವರು ತೋಟಕ್ಕೆ ಬೆನ್ನು ಹಾಕಿದರು, ಒಳಗಿಟ್ಟಾಗ ಸದಸ್ಯರಷ್ಟೇ ಕುಳಿತರು. ದಾರಿಯ ಬಾಯಲ್ಲೇ, ಅರ್ಧ ಒಳಗೆ ಅರ್ಧ ಹೊರಗೆ ಇಟ್ಟ ಮೇಲೆ, ಅಲ್ಲಿ ಕುಳಿತವರು ತಾವಾಗಿಯೇ "ಇದು ಯಾವ ಗಿಡ?" ಎಂದು ಮಾತಿಗಿಳಿಯತೊಡಗಿದರು.

ವಾರಕ್ಕೆ ಎರಡು ಮೂರು ಹೊಸ ಮುಖ ಕಾಣುತ್ತಿದ್ದಲ್ಲಿ ಈಗ ಹದಿನೈದರ ಮೇಲೆ ಕಾಣುತ್ತವೆ. ಕಳವು ಪೂರ್ತಿ ನಿಂತಿಲ್ಲ, ಕಡಿಮೆಯಾಗಿದೆ. ಗೇಟಿನ ಹಳೆಯ ಬೀಗ ಈಗ ನೀರಿನ ಪಂಪಿನ ಪೆಟ್ಟಿಗೆಯ ಮೇಲಿದೆ.